ಮೊದಲ ಪುಟದ ನಾಲ್ಕನೇ ಸೂಚನೆ

ಹಾಸ್ಟೆಲ್, ಕೋಣೆ ಹದಿನಾಲ್ಕು
ಮಾರ್ಚ್ ೧೯, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ

ಪ್ರೀತಿಯ ಅಪ್ಪಾ,

ಮೊದಲು ನಿಮ್ಮ ಆರೋಗ್ಯದ ವಿಷಯ. ಎಡಮಂಡಿ ಈಗ ಹೇಗಿದೆ? ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಸುಟ್ಟುಕೊಂಡ ಕೈ ವಾಸಿಯಾಯಿತಾ? ಹೋದ ಪತ್ರದಲ್ಲಿ ‘ಏನಿಲ್ಲ, ಸ್ವಲ್ಪ ಉರಿ ಅಷ್ಟೇ’ ಅಂತ ಬರೆದಿದ್ದಿರಿ. ನಿಮ್ಮ ‘ಸ್ವಲ್ಪ’ ಅಂದರೆ ಎಷ್ಟು ಅಂತ ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಆ ಕಲ್ಲುಕ್ವಾರಿಯ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂತ ನಾನು ಹೇಳಿದರೆ ‘ಆಗಲಿ ಡಾಕ್ಟರಮ್ಮ’ ಅನ್ನುತ್ತೀರಿ, ಕಟ್ಟಿಕೊಳ್ಳುವುದಿಲ್ಲ. ದಯವಿಟ್ಟು ಕಟ್ಟಿಕೊಳ್ಳಿ. ಮಂಡಿಗೆ ಹಚ್ಚುವ ಎಣ್ಣೆಯನ್ನು ಇವತ್ತು ಕ್ವಾರಿಗೆ ಬರುವ ಲಾರಿಯಲ್ಲೇ ಕಳಿಸುತ್ತಿದ್ದೇನೆ. ಡ್ರೈವರಣ್ಣ ಹನ್ನೆರಡಕ್ಕೆ ಹಾಸ್ಟೆಲ್ ಗೇಟಿಗೆ ಬರುತ್ತಾರೆ, ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಸೈಟ್ ಆಫೀಸಿನ ಫೋನು ಎರಡು ವಾರದಿಂದ ಸತ್ತು ಬಿದ್ದಿದೆ. ಸತ್ತಿರದಿದ್ದರೂ ನನ್ನ ಬಾಯಿಂದ ಬರುತ್ತಿತ್ತೋ ಇಲ್ಲವೋ.

ಅಮ್ಮ ಚೆನ್ನಾಗಿದ್ದಾಳೆ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಭಾನುವಾರ ಮನೆಗೆ ಹೋದಾಗ ನಿಮ್ಮ ನೀಲಿ ವರ್ಕ್‌ಶಾಪ್ ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದಳು. ಕ್ವಾರಿಯ ಕಾಂಟ್ರಾಕ್ಟು ಮುಗಿಯಲು ಇನ್ನು ಐದು ವಾರ, ಆಮೇಲೆ ನೀವು ಮತ್ತೆ ಹಳೇ ವರ್ಕ್‌ಶಾಪಿಗೆ ಬರುತ್ತೀರಿ, ಯಜಮಾನರು ನಿಮ್ಮ ಜಾಗ ಹಾಗೇ ಇಟ್ಟಿದ್ದಾರೆ ಅಂತ ಅವಳು ಮೆಟ್ಟಿಲ ಮನೆಯ ಮುದುಕಿಯಿಂದ ಹಿಡಿದು ಔಷಧದ ಅಂಗಡಿಯವನ ತನಕ ಎಲ್ಲರಿಗೂ ಹೇಳಿ ಆಗಿದೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಛತ್ರಿಯನ್ನೂ ತೆಗೆದು ಕೋಟಿಗೆ ಜಾಗ ಮಾಡಿದ್ದಾಳೆ. ಅದನ್ನು ನೋಡಿಕೊಂಡು ನಾನು ಊಟ ಮಾಡಿದೆ.

ಅಪ್ಪಾ, ಇವತ್ತಿನ ಲಾರಿಯಲ್ಲಿ ನಿಮಗೆ ಎರಡು ಕವರು ಬರುತ್ತವೆ. ಒಂದು ಇದು. ಇನ್ನೊಂದು ಯಜಮಾನರದು, ಉದ್ದನೆಯ ಕಂದು ಕವರು. ಪ್ಲೀಸ್, ಅದನ್ನು ಒಡೆಯುವ ಮೊದಲು ಇದನ್ನು ಕೊನೆಯವರೆಗೆ ಓದಿ. ನನ್ನ ಕನ್ನಡವನ್ನು ಸರ್ವಿಸಿಗೆ ಬಿಡಬೇಕು ಅಂತ ನೀವು ಯಾವಾಗಲೂ ನಗುತ್ತೀರಿ. ಹತ್ತನೇ ವಯಸ್ಸಿಗೇ ಹಾಸ್ಟೆಲಿಗೆ ಹಾಕಿದ್ದೂ ನೀವೇ, ಅರ್ಧ ಇಂಗ್ಲಿಷ್ ಆಯಿತು ಅಂತ ಕಾಲೆಳೆಯುವುದೂ ನೀವೇ. ಇವತ್ತು ಆದಷ್ಟು ನೆಟ್ಟಗೆ ಬರೆಯುತ್ತೇನೆ.

ಡಿಸೆಂಬರಿನಲ್ಲಿ ವರ್ಕ್‌ಶಾಪಿಗೆ ಆ ಹೊಸ ಡೆಲಿವರಿ ವ್ಯಾನುಗಳ ಸರ್ವಿಸ್ ಕೆಲಸ ಸಿಕ್ಕಿದ್ದು, ಅವುಗಳ ರಿಪೇರಿ ಪುಸ್ತಕ ಬರೀ ಜರ್ಮನ್‌ನಲ್ಲಿದ್ದದ್ದು, ಫ್ರೆಂಚ್ ಮಾತಾಡುವ ಈ ಊರಿನಲ್ಲಿ ವರ್ಕ್‌ಶಾಪಿನವರಿಗೆ ಓದಲು ಬರುವುದೂ ಫ್ರೆಂಚ್ ಮಾತ್ರ ಆಗಿದ್ದದ್ದು ನಿಮಗೆ ಗೊತ್ತು. ‘ನನ್ನ ಮಗಳು ಎರಡೂ ಓದ್ತಾಳೆ, ಅವಳ ಕೈಲಿ ಮಾಡಿಸಿ’ ಅಂತ ಯಜಮಾನರಿಗೆ ಹೇಳಿದ್ದೇ ನೀವು. ನಾನು ಎಷ್ಟು ಹೆದರಿದ್ದೆ ಅಂತ ಆಗ ಬರೆಯಲಿಲ್ಲ. ಕಾಲೇಜಿನ ಅನುವಾದದ ಕ್ಲಾಸಿನಲ್ಲಿ ನಾವು ಮಾಡಿದ್ದು ಹವಾಮಾನ ವರದಿ, ರೈಲ್ವೆ ಪ್ರಕಟಣೆ, ಒಂದು ಗಿಳಿಯ ಕಥೆ. ಇದು ಮುಂದಿನ ಆ್ಯಕ್ಸಲ್, ಬ್ರೇಕು, ಸ್ಟೀರಿಂಗು, ಒಟ್ಟು ಮೂವತ್ತೊಂದು ಕೆಲಸ, ಒಂದೊಂದಕ್ಕೂ ಒಂದೊಂದು ಪುಟ. ಮುಂದಿನ ಚಕ್ರವನ್ನು ಹಿಡಿದಿಡುವುದಕ್ಕೆ ನೀವು ಲೋವರ್ ಆರ್ಮ್ ಅನ್ನುತ್ತೀರಲ್ಲ, ಜರ್ಮನ್‌ನವರು ಅದಕ್ಕೆ ‘ಅಡ್ಡ ನಿಂತು ದಾರಿ ತೋರಿಸುವುದು’ ಅನ್ನುವ ಅರ್ಥದ ಹೆಸರಿಡುತ್ತಾರೆ, ಫ್ರೆಂಚ್ ಮೆಕ್ಯಾನಿಕ್ಕುಗಳು ಅದನ್ನು ಸುಮ್ಮನೆ ‘ತ್ರಿಕೋನ’ ಅನ್ನುತ್ತಾರೆ. ಒಬ್ಬರಿಗೆ ಅದರ ಕೆಲಸ ಮುಖ್ಯ, ಇನ್ನೊಬ್ಬರಿಗೆ ಅದರ ಆಕಾರ. ಡಿಕ್ಷನರಿ ಕೊಡುವ ಪದ ಮೂರನೆಯದು, ಅದನ್ನು ಯಾರೂ ಅನ್ನುವುದಿಲ್ಲ. ಹಾಗಾಗಿ ಪ್ರತಿ ಶನಿವಾರ ವರ್ಕ್‌ಶಾಪಿಗೆ ಹೋಗಿ, ಗಾಡಿಯ ಕೆಳಗಿನ ಪಿಟ್ಟಿನೊಳಗೆ ಇಳಿದು, ನಿಮ್ಮ ಶಿಷ್ಯ ಮೀಸೆ ಮಾಮ ಬೆರಳಿಟ್ಟು ತೋರಿಸಿದ್ದನ್ನೆಲ್ಲ ಬರೆದುಕೊಂಡೆ. ಅವರು ನನಗೆ ‘ಇನ್‌ಸ್ಪೆಕ್ಟರ್’ ಅಂತ ಹೆಸರಿಟ್ಟರು. ಅಷ್ಟು ಹುಷಾರಾಗಿ ಮಾಡಿದೆ, ಅಪ್ಪಾ. ಒಂದು ಪದವೂ ತಪ್ಪಾಗಿಲ್ಲ, ಒಂದು ಅಂಕಿಯೂ ತಪ್ಪಾಗಿಲ್ಲ. ಅದಕ್ಕೇ ಇಷ್ಟು ಸಂಕಟ.

ಜರ್ಮನ್ ಪುಸ್ತಕದಲ್ಲಿ ಪ್ರತಿ ಪುಟದ ಕೊನೆಗೆ ದಪ್ಪಕ್ಷರದಲ್ಲಿ ಒಂದೇ ಸಾಲು ಇರುತ್ತದೆ. ಬಿಚ್ಚಿದ ಬೋಲ್ಟನ್ನು ಎಸೆಯಿರಿ, ಹೊಸದನ್ನೇ ಹಾಕಿ ಅಂತ. ಈ ವ್ಯಾನುಗಳ ಬೋಲ್ಟುಗಳನ್ನು ಮೊದಲು ಅಳತೆಗೆ ಬಿಗಿ ಮಾಡಿ, ಆಮೇಲೆ ಇನ್ನೂ ಕಾಲು ಸುತ್ತು ತಿರುಗಿಸಬೇಕು. ಆಗ ಅವು ಕೂದಲೆಳೆಯಷ್ಟು ಹಿಗ್ಗುತ್ತವೆ. ಒಂದು ಸಲ ಹಿಗ್ಗಿದ್ದನ್ನು ಮತ್ತೆ ಹಿಗ್ಗಿಸಿದರೆ ತಡೆಯುವುದಿಲ್ಲ. ಮೂವತ್ತೊಂದು ಪುಟದಲ್ಲಿ ಮೂವತ್ತೊಂದು ಸಲ ಅದೇ ಸಾಲು. ಆರು ಪುಟದವರೆಗೆ ನಾನೂ ಬರೆದೆ. ಏಳನೆಯದಕ್ಕೆ ಬಂದಾಗ ನಾಚಿಕೆಯಾಯಿತು. ಸ್ಕೂಲ್ ಹಾಸ್ಟೆಲಿನಲ್ಲಿ ನಮ್ಮ ನೋಟ್ಸನ್ನು ವಾರ್ಡನ್ ನೋಡುತ್ತಿದ್ದರಲ್ಲ, ಒಂದೇ ವಿಷಯ ಎರಡು ಕಡೆ ಕಂಡರೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ‘ತಲೆ ಇಲ್ಲದವರು ಕೈ ನೋಯಿಸಿಕೊಳ್ಳುತ್ತಾರೆ’ ಅಂತ ಬರೆಯುತ್ತಿದ್ದರು. ಎಂಟು ವರ್ಷ ಅದೇ ಅಭ್ಯಾಸ. ನಾನು ಆ ಸಾಲನ್ನು ಎಲ್ಲ ಪುಟಗಳಿಂದ ತೆಗೆದು, ಮೊದಲ ಪುಟದಲ್ಲಿ ‘ಎಲ್ಲ ಕೆಲಸಗಳಿಗೂ ಅನ್ವಯಿಸುವ ಸೂಚನೆಗಳು’ ಅಂತ ಒಂದು ಪಟ್ಟಿ ಮಾಡಿ, ಅದರಲ್ಲಿ ನಾಲ್ಕನೆಯದಾಗಿ ಹಾಕಿದೆ. ಎಷ್ಟು ನೀಟಾಗಿ ಕಾಣಿಸಿತು ಗೊತ್ತಾ. ಜರ್ಮನ್ ಮೇಡಂ ಅದನ್ನು ಕ್ಲಾಸಿನಲ್ಲಿ ಎತ್ತಿ ಹಿಡಿದು ತೋರಿಸಿದರು. ನನ್ನ ಮೊದಲ ವರ್ಷದ ಪ್ರಾಕ್ಟಿಕಲ್ ಅಂತ ಅದನ್ನೇ ಒಪ್ಪಿಕೊಂಡು ಸಹಿ ಹಾಕಿದರು.

ಮೀಸೆ ಮಾಮ ಕೆಲಸ ಹೇಗೆ ಮಾಡುತ್ತಾರೆ ಅಂತ ನಿಮಗೆ ನಾನು ಹೇಳಬೇಕೇ? ನಿಮ್ಮ ಕೈಕೆಳಗೇ ಕಲಿತವರು. ಇಡೀ ಫೈಲನ್ನು ಗ್ರೀಸು ಕೈಯಲ್ಲಿ ಯಾರೂ ಗಾಡಿಯ ಹತ್ತಿರ ಒಯ್ಯುವುದಿಲ್ಲ. ಆ ದಿನದ ಕೆಲಸದ ಒಂದು ಪುಟವನ್ನು ರಿಂಗಿನಿಂದ ಬಿಡಿಸಿ, ಪ್ಲಾಸ್ಟಿಕ್ಕಿನೊಳಗೆ ತೂರಿಸಿ, ವೈಪರ್ ಕಡ್ಡಿಯ ಕೆಳಗೆ ಸಿಕ್ಕಿಸುತ್ತಾರೆ. ಮೊದಲ ಪುಟ ಫೈಲಿನೊಳಗೇ, ಯಜಮಾನರ ಗಾಜಿನ ಬೀರುವಿನಲ್ಲೇ ಉಳಿಯಿತು. ನಾನು ಮೂರು ವರ್ಷದವಳಿದ್ದಾಗಿನಿಂದ ನಿಮ್ಮ ವೈಪರಿನ ಕೆಳಗೆ ಒಂಟಿ ಪುಟ ನೋಡಿದ್ದೇನೆ. ಕ್ಲಾಸಿನಲ್ಲಿ ಬೇರೆ ಯಾರಿಗೂ ಇದು ಗೊತ್ತಿರಲು ಸಾಧ್ಯವಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯಲು ಕೂತಾಗ ನಾನು ವಾರ್ಡನ್ನಿಗೆ ಬರೆದೆ, ಮೀಸೆ ಮಾಮನಿಗೆ ಬರೆಯಲಿಲ್ಲ. ಅವರು ಪುಟದಲ್ಲಿ ಇದ್ದದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಇಲ್ಲದ್ದಕ್ಕೆ ನೀವು ಕಲಿಸಿದ ಪದ್ಧತಿ ಅನುಸರಿಸಿದರು. ಬಿಚ್ಚಿದ ಬೋಲ್ಟನ್ನು ಡಬ್ಬಿಯ ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಅದನ್ನೇ ಹಾಕಿದರು. ಹಳೇ ಗಾಡಿಗಳಿಗೆ ಅದೇ ಸರಿ. ಈ ವ್ಯಾನುಗಳಿಗಲ್ಲ. ಏಳು ವ್ಯಾನುಗಳು ಹಾಗೆ ಹೊರಗೆ ಹೋದವು.

ಹೋದ ಶುಕ್ರವಾರ ಲಾಂಡ್ರಿಯವರ ವ್ಯಾನು ಅವರದೇ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಮುಂದಿನ ಎಡಚಕ್ರ ಒಳಗೆ ಮಡಚಿಕೊಂಡಿತು. ವೇಗ ಇರಲಿಲ್ಲ, ಡ್ರೈವರಿಗೆ ಏನೂ ಆಗಲಿಲ್ಲ. ಇಸ್ತ್ರಿ ಮಾಡಿದ ಬೆಡ್‌ಶೀಟುಗಳೆಲ್ಲ ಕೆಸರಿಗೆ ಬಿದ್ದವು, ಅಷ್ಟೇ. ಅರ್ಧ ಗಂಟೆ ಮೊದಲು ಅದೇ ವ್ಯಾನು ಸೇತುವೆ ಮೇಲೆ ಇತ್ತಂತೆ. ಲೋವರ್ ಆರ್ಮಿನ ಬೋಲ್ಟು ಎರಡು ತುಂಡಾಗಿತ್ತು. ಮೀಸೆ ಮಾಮ ಅದನ್ನು ಬಿಳಿ ವೇಸ್ಟ್ ಬಟ್ಟೆಯ ಮೇಲೆ ಇಟ್ಟುಕೊಂಡು ತಂದರು. ಉಳಿದ ಆರು ವ್ಯಾನುಗಳನ್ನು ಹುಡುಕಿ ಹುಡುಕಿ ವಾಪಸು ತರಿಸಿದರು, ಮಂಗಳವಾರ ಮಧ್ಯಾಹ್ನದೊಳಗೆ ಎಲ್ಲದಕ್ಕೂ ಹೊಸ ಬೋಲ್ಟು ಬಿತ್ತು. ಆ ನಾಲ್ಕು ದಿನ ನಾನು ರಸ್ತೆಯಲ್ಲಿ ಬಿಳಿ ವ್ಯಾನು ಕಂಡರೆ ಅದರ ಮುಂದಿನ ಚಕ್ರ ನೋಡುತ್ತ ನಿಂತುಬಿಡುತ್ತಿದ್ದೆ. ಈಗ ಯಾರ ಜೀವಕ್ಕೂ ಅಪಾಯವಿಲ್ಲ. ಅದೊಂದು ಉಸಿರು ಬಿಟ್ಟಾಯಿತು.

ಇನ್ನು ನಾನು ಮಾಡಿದ್ದು. ಶನಿವಾರ ಯಜಮಾನರು ಎಲ್ಲರನ್ನೂ ಆಫೀಸಿಗೆ ಕರೆದರು. ಹಳೇ ಬೋಲ್ಟು ಹಾಕಲು ನಿಮಗೆ ಯಾರು ಹೇಳಿದ್ದು ಅಂತ ಮೀಸೆ ಮಾಮನನ್ನು ಕೇಳಿದರು. ಮಾಮ ಮೂರು ಮಕ್ಕಳ ತಂದೆ. ‘ದೊಡ್ಡ ಮೇಸ್ತ್ರಿ ಕಲ್ಸಿದ್ದು ಸಾರ್, ನಾವು ಯಾವಾಗ್ಲೂ ಹಂಗೇ ಮಾಡೋದು’ ಅಂದರು. ದೊಡ್ಡ ಮೇಸ್ತ್ರಿ ಅಂದರೆ ನೀವು. ಅವರು ಸುಳ್ಳು ಹೇಳಲಿಲ್ಲ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಆಮೇಲೆ ಯಜಮಾನರು ನನ್ನ ಕಡೆ ತಿರುಗಿ, ‘ಪುಸ್ತಕದಲ್ಲಿ ಹೊಸದು ಹಾಕಿ ಅಂತ ಇರಲಿಲ್ವೇನಮ್ಮ?’ ಅಂತ ಕೇಳಿದರು. ನನ್ನ ಕೈಯಲ್ಲೇ ಫೈಲಿತ್ತು. ಮೊದಲ ಪುಟ ತೆಗೆದು ನಾಲ್ಕನೇ ಸೂಚನೆಯ ಮೇಲೆ ಬೆರಳಿಟ್ಟು, ‘ಇದೆ ಸಾರ್, ಬರ್ದಿದ್ದೀನಿ’ ಅಂದೆ.

ಅಷ್ಟೇ ಅಂದದ್ದು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಜರ್ಮನ್‌ನಲ್ಲಿ ಅದು ಪ್ರತಿ ಪುಟದಲ್ಲೂ ಇತ್ತು, ತೆಗೆದವಳು ನಾನು ಅಂತ ಹೇಳಲಿಲ್ಲ. ಪ್ರಾಕ್ಟಿಕಲ್ ಹೋಗುತ್ತದೆ, ವರ್ಷ ಹೋಗುತ್ತದೆ, ಸ್ಕಾಲರ್‌ಶಿಪ್ ಹೋಗುತ್ತದೆ ಅಂತ ಒಂದೇ ಸಮನೆ ತಲೆಯಲ್ಲಿ ಓಡಿತು, ಬಾಯಿ ಮುಚ್ಚಿಕೊಂಡೆ. ಯಜಮಾನರು ಮೇಜು ಕುಟ್ಟಿ, ‘ನೋಡಿ, ಮೊನ್ನೆ ಮೊನ್ನೆ ಕಾಲೇಜಿಗೆ ಸೇರಿದ ಹುಡುಗಿ ಬರ್ದಿಟ್ಟಿದಾಳೆ. ಓದೋ ಅಭ್ಯಾಸ ಇಲ್ಲದ ಮೇಸ್ತ್ರಿ, ಓದೋ ಅಭ್ಯಾಸ ಇಲ್ಲದ ಶಿಷ್ಯರು’ ಅಂದರು. ನಿಮ್ಮನ್ನು ಅಂದರು, ಅಪ್ಪಾ, ನನ್ನ ಎದುರಿಗೆ. ನಾನು ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಯಾರೋ ನನ್ನನ್ನು ಹೊಗಳಿದ ಹಾಗೆ.

ವ್ಯಾನ್ ಕಂಪನಿಯವರು ತಪ್ಪು ಯಾರದು ಅಂತ ಬರಹದಲ್ಲಿ ಕೇಳಿದ್ದರು. ಸೋಮವಾರ ಯಜಮಾನರು ಒಂದು ಹೇಳಿಕೆ ಬರೆಸಿದರು. ಕಂದು ಕವರಿನಲ್ಲಿ ಬರುವುದು ಅದೇ. ಎರಡು ಕಾಲಮ್ಮು, ಎಡಕ್ಕೆ ಫ್ರೆಂಚು, ಬಲಕ್ಕೆ ಜರ್ಮನ್. ನೀವು ಫ್ರೆಂಚ್ ಮಾತಾಡುತ್ತೀರಿ, ಆದರೆ ಅದರಲ್ಲಿ ಓದುವುದು ಅಂಕಿ ಮತ್ತು ಚಿತ್ರ ಮಾತ್ರ. ಆ ಕಾಗದದಲ್ಲಿ ಎರಡೂ ಇಲ್ಲ. ಅದಕ್ಕೇ ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳುತ್ತೇನೆ, ನೀವೇ ಹೇಳುವ ಹಾಗೆ ಬರೆದಿದೆ. ಬಳಸಿದ ಬೋಲ್ಟುಗಳನ್ನು ಮತ್ತೆ ಹಾಕುವ ಪದ್ಧತಿಯನ್ನು ಈ ವರ್ಕ್‌ಶಾಪಿನಲ್ಲಿ ಶುರು ಮಾಡಿದವನು ನಾನು, ಲಿಖಿತ ಸೂಚನೆಗಳನ್ನು ಓದುವ ಶಿಸ್ತನ್ನು ಕೆಲಸಗಾರರಿಗೆ ಕಲಿಸದವನು ನಾನು, ಆದದ್ದಕ್ಕೆಲ್ಲ ನಾನೇ ಹೊಣೆ, ಇನ್ನು ಮುಂದೆ ಈ ವರ್ಕ್‌ಶಾಪಿನಲ್ಲಿ ಯಾವ ಕೆಲಸವನ್ನೂ ಕೇಳುವುದಿಲ್ಲ. ಕೆಳಗೆ ನಿಮ್ಮ ಹೆಸರು, ಸಹಿಗೆ ಒಂದು ಗೆರೆ.

ಬಲಗಡೆಯ ಕಾಲಮ್ಮು ನನ್ನದು. ನನ್ನನ್ನೇ ಕರೆದು ಜರ್ಮನ್‌ಗೆ ಹಾಕಲು ಕೊಟ್ಟರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬದಲಿಗೆ ರೂಮಿಗೆ ತಂದು, ಮೇಜು ಒರೆಸಿ, ಡಿಕ್ಷನರಿ ತೆಗೆದು ಕೂತೆ. ‘ಹೊಣೆ’ಗೆ ಜರ್ಮನ್‌ನಲ್ಲಿ ಎರಡು ಪದ ಸಿಗುತ್ತವೆ, ಕೋರ್ಟಿನದು ಒಂದು, ಮನೆಮಾತಿನದು ಒಂದು. ಯಾವುದು ಸರಿ ಅಂತ ಹತ್ತು ನಿಮಿಷ ಯೋಚಿಸಿದೆ. ಎರಡನೇ ವಾಕ್ಯ ಚೆನ್ನಾಗಿ ಕೂತಾಗ ಒಂದು ಕ್ಷಣ ಖುಷಿಯೂ ಆಯಿತು. ಇದನ್ನು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳಲಾರೆ. ನನ್ನ ಅಪ್ಪನನ್ನು ಕೆಲಸದಿಂದ ತೆಗೆಯುವ ವಾಕ್ಯ ಚೆನ್ನಾಗಿ ಬಂತು ಅಂತ ನನಗೆ ಖುಷಿಯಾಯಿತು. ಆಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ. ನನ್ನ ರೂಮ್‌ಮೇಟು ‘ಮೆಸ್ಸಿನ ಊಟಕ್ಕೆ ಬೈಬೇಡ, ಅದು ಬಡಪಾಯಿ’ ಅಂತ ಬೆನ್ನು ಸವರಿದಳು.

ನಿನ್ನೆ ಬೆಳಿಗ್ಗೆ ತಡೆಯಲಾಗದೆ ಯಜಮಾನರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನಂಬಲಿಲ್ಲ, ಅಪ್ಪಾ. ಕೋಪವನ್ನಾದರೂ ಮಾಡಿಕೊಳ್ಳಬಾರದೇ, ಅದೂ ಇಲ್ಲ. ಕುರ್ಚಿ ಕೊಟ್ಟು ಕೂರಿಸಿ, ‘ಅಪ್ಪನ ಮೇಲೆ ಪ್ರೀತಿ ಇರ್ಬೇಕು ಕಣಮ್ಮ. ಆದ್ರೆ ಅವನಿಗೋಸ್ಕರ ನಿನ್ನ ತಲೆ ಮೇಲೆ ಎಳ್ಕೋಬೇಡ, ನಿನ್ನ ಮೇಡಮ್ಮೇ ಸಹಿ ಹಾಕಿದ ಕೆಲಸ ಅದು’ ಅಂದರು. ಜರ್ಮನ್ ಪುಸ್ತಕ ತೆಗೆದು ಆ ಸಾಲು ತೋರಿಸಿದೆ. ಅವರಿಗೆ ಅದರಲ್ಲಿ ಒಂದಕ್ಷರ ಓದಲು ಬಾರದು. ಕನ್ನಡಕ ತೆಗೆದು ನಕ್ಕು, ಇದು ಏನು ಬೇಕಾದರೂ ಇರಬಹುದು ಅಂದರು. ಇಡೀ ವರ್ಕ್‌ಶಾಪಿನಲ್ಲಿ ಆ ಭಾಷೆ ಬರುವವಳು ನಾನೊಬ್ಬಳೇ, ನನ್ನ ಮಾತು ಈಗ ಲೆಕ್ಕಕ್ಕಿಲ್ಲ.

ಅಲ್ಲಿಂದ ಮೇಡಂ ಮನೆಗೆ ಓಡಿದೆ. ಅವರು ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಸಹಿ ಹಾಕುವಾಗ ಹಾಗೆ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ, ‘ನೀನು ಏನನ್ನೂ ಬಿಟ್ಟಿಲ್ಲ, ಬೇರೆ ಕಡೆ ಇಟ್ಟಿದ್ದೀಯ ಅಷ್ಟೇ. ಅನುವಾದದಲ್ಲಿ ಇದನ್ನ ತಪ್ಪು ಅನ್ನಲ್ಲ’ ಅಂದರು. ನಾನು ವೈಪರ್ ಕಡ್ಡಿಯ ವಿಷಯ ಹೇಳಿದೆ. ಅದು ಓದುವವರ ಅಶಿಸ್ತು, ನಮ್ಮ ಜವಾಬ್ದಾರಿ ಅಲ್ಲ ಅಂದರು. ಬಾಗಿಲವರೆಗೂ ಬಂದು ಮೆತ್ತಗೆ ಹೇಳಿದರು, ‘ಮೊದಲನೇ ವರ್ಷ ಇನ್ನೂ ಮುಗಿದಿಲ್ಲ ಮರಿ. ಸುಮ್ನಿರೋದು ಕಲಿ.’ ಅವರು ಕೆಟ್ಟವರಲ್ಲ. ಹೆದರಿದ್ದಾರೆ. ನಾನೂ ಶನಿವಾರ ಹಾಗೇ ಹೆದರಿದ್ದೆ.

ಈಗ ನನಗೆ ಯಾವ ದಾರಿಯೂ ಕಾಣುತ್ತಿಲ್ಲ. ಎರಡು ದಿನದಿಂದ ನಿದ್ದೆ ಇಲ್ಲ, ಕ್ಲಾಸಿನಲ್ಲಿ ಹೆಸರು ಕೂಗಿದರೆ ಬೆಚ್ಚಿ ಬೀಳುತ್ತೇನೆ. ಅಮ್ಮ ಆ ಕೋಟಿಗೆ ಗುಂಡಿ ಹೊಲಿಯುತ್ತಿದ್ದುದೇ ಕಣ್ಣ ಮುಂದೆ ಬರುತ್ತದೆ. ಇಪ್ಪತ್ತೆರಡು ವರ್ಷ ನೀವು ರಿಪೇರಿ ಮಾಡಿದ ಒಂದು ಗಾಡಿಯೂ ದಾರಿಯಲ್ಲಿ ನಿಲ್ಲಲಿಲ್ಲ ಅಂತ ಇದೇ ಯಜಮಾನರು ನನ್ನ ಹತ್ತಿರವೇ ಹೇಳಿದ್ದರು. ಒಂದು ಪುಟ ನೀಟಾಗಿ ಕಾಣಲಿ ಅಂತ ನಾನು ಅದನ್ನೆಲ್ಲ ಅಳಿಸಿ ಹಾಕಿದೆ. ನೀವು ಬೈದರೂ ಸರಿ, ಮಾತು ಬಿಟ್ಟರೂ ಸರಿ. ಏನು ಮಾಡಬೇಕು ಅಂತ ಮಾತ್ರ ಹೇಳಿ. ಚಿಕ್ಕವಳಿದ್ದಾಗ ಏನಾದರೂ ಒಡೆದುಹಾಕಿದರೆ ‘ತಗೊಂಡು ಬಾ, ನೋಡೋಣ’ ಅನ್ನುತ್ತಿದ್ದಿರಲ್ಲ, ಹಾಗೆ ಒಂದು ಸಲ ಅನ್ನಿ.

ಎಣ್ಣೆಯನ್ನು ರಾತ್ರಿ ಹಚ್ಚಿಕೊಂಡು ಮಲಗಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳುವುದನ್ನು ನೀವು ಬಂದ ಮೇಲೆ ಮಾಡುತ್ತೇನೆ, ಕಾಗದದಲ್ಲಿ ಅದು ಸುಲಭ ಅನ್ನಿಸುತ್ತದೆ.

ನಿಮ್ಮ
ಪುಟ್ಟಿ

ಮರೆತದ್ದಲ್ಲ, ಈಗ ಮಾಡಿದ್ದು: ಅಪ್ಪಾ, ಹನ್ನೆರಡಕ್ಕೆ ಹತ್ತು ನಿಮಿಷ ಇದೆ. ಹತ್ತು ಗಂಟೆಗೆ ಮೇಲಿನದನ್ನೆಲ್ಲ ಮುಗಿಸಿ ಒಂದು ಸಲ ಓದಿದೆ. ಇದನ್ನು ಓದಿದ ಮೇಲೆ ನೀವು ಏನು ಮಾಡುತ್ತೀರಿ ಅಂತ ನನಗೆ ಗೊತ್ತು. ಮಗಳ ವರ್ಷ ಉಳಿಯಲಿ ಅಂತ ಕಂದು ಕವರು ಒಡೆದು ಆ ಗೆರೆಯ ಮೇಲೆ ಸಹಿ ಹಾಕಿ ಇದೇ ಲಾರಿಯಲ್ಲಿ ವಾಪಸು ಕಳಿಸುತ್ತೀರಿ. ‘ಮುಗೀತು ಬಿಡು, ಓದ್ಕೋ ಹೋಗು’ ಅಂತ ಅಮ್ಮನ ಕೈಲಿ ಹೇಳಿಸುತ್ತೀರಿ. ಹಾಗಾಗಿ ಈ ಪತ್ರವನ್ನು ಹರಿದುಹಾಕಲೇ ಅಂತ ಯೋಚಿಸಿದೆ. ಹರಿಯಲಿಲ್ಲ. ಜೆರಾಕ್ಸ್ ಅಂಗಡಿಗೆ ಓಡಿದೆ. ಮೂವತ್ತೊಂದು ಜರ್ಮನ್ ಪುಟ, ಮೂವತ್ತೊಂದು ನನ್ನ ಪುಟ, ಎದುರುಬದುರು ಇಟ್ಟು, ಜರ್ಮನ್ ಕಡೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ನನ್ನ ಕಡೆ ಅಲ್ಲಿ ಖಾಲಿ ಜಾಗ, ಮೊದಲ ಆರು ಪುಟದಲ್ಲೂ ಬರೆದು ತೆಗೆದ ಖಾಲಿ ಜಾಗ. ಭಾಷೆ ಬಾರದವರಿಗೂ ಕಾಣುತ್ತದೆ. ಮೇಲೆ, ಆ ಸಾಲು ತೆಗೆದವಳು ನಾನೇ ಅಂತ ಫ್ರೆಂಚ್‌ನಲ್ಲೂ ಜರ್ಮನ್‌ನಲ್ಲೂ ಒಂದೊಂದು ಹಾಳೆ ಬರೆದು ಸಹಿ ಹಾಕಿದೆ. ಫ್ರೆಂಚಿನ ಒಂದು ಪ್ರತಿ ಯಜಮಾನರ ಮೇಜಿಗೆ ಹೋಯಿತು, ಒಂದನ್ನು ಪ್ರಿನ್ಸಿಪಾಲರ ಆಫೀಸಿನಲ್ಲಿ ಕೊಟ್ಟು ಸೀಲು ಹೊಡೆಸಿಕೊಂಡೆ. ಜರ್ಮನ್‌ನದು ವ್ಯಾನ್ ಕಂಪನಿಗೆ, ಅಂಚೆಗೆ ಹಾಕಿ ಬಂದೆ. ನನ್ನ ಪ್ರಾಕ್ಟಿಕಲ್ ರದ್ದು ಮಾಡುವ ಅರ್ಜಿಯೂ ಪ್ರಿನ್ಸಿಪಾಲರಿಗೆ ಕೊಟ್ಟದ್ದರಲ್ಲೇ ಇದೆ. ಪ್ರಿನ್ಸಿಪಾಲರ ಗುಮಾಸ್ತರು ಓದಿ ‘ಯೋಚ್ನೆ ಮಾಡಿದೀಯಾ?’ ಅಂತ ಕೇಳಿದರು. ಸೀಲು ಹೊಡೆಯಿರಿ ಅಂದೆ.

ಇನ್ನು ನನ್ನ ಕಡೆ ಉಳಿಸುವುದಕ್ಕೆ ಏನೂ ಇಲ್ಲ. ನೀವು ಸಹಿ ಹಾಕಿದರೂ ನನ್ನ ವರ್ಷ ಉಳಿಯುವುದಿಲ್ಲ, ನಾನು ಬರೆದುಕೊಟ್ಟದ್ದು ಸುಳ್ಳು ಅಂತ ಆಗುತ್ತದೆ ಅಷ್ಟೇ. ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾರೆ. ಪೆನ್ನು ಮುಟ್ಟಬೇಡಿ, ಅಪ್ಪಾ.